ಗುಳಿಗೆ ಕೊಟ್ಟು ಕೈತೊಳೆದುಕೊಂಡರೆ ಸಾಕೆ?

ಶ್ರೀಮಠದ ಆವರಣದಲ್ಲಿ ತಿಂಗಳಿಗೊಮ್ಮೆ ನಡೆಯುವ ಉಚಿತ ಆರೋಗ್ಯ ತಪಾಸಣಾ ಶಿಬಿರಕ್ಕೆ ಸುತ್ತಲಿನ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳಲ್ಲಿ ಬಹುಪಾಲು ಜನ ಹೇಳಿಕೊಳ್ಳುವ ತೊಂದರೆ ಒಂದೇ ತೆರನಾದುದು. ಕುಳಿತು ಎದ್ದರೆ ಕಣ್ಣಿಗೆ ಕತ್ತಲೆ ಕವಿಯುತ್ತದೆ, ನಾಲ್ಕು ಹೆಜ್ಜೆ ಬಿರುಸಾಗಿ ನಡೆದರೆ ಏದುಸಿರು ಬರುತ್ತದೆ, ಮೈಯಲ್ಲಿ ಬಲವಿಲ್ಲ, ಕೆಲಸ ಹತ್ತುವುದಿಲ್ಲ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಕಾರಣ ತಿಳಿಯುತ್ತದೆ. ವಯಸ್ಕ ಸ್ತ್ರೀಯ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ ಕನಿಷ್ಠ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಗರ್ಭಿಣಿಯಲ್ಲಿ ಅದು 11ಕ್ಕಿಂತ ಕೆಳಗಿಳಿಯಬಾರದು. ನಮ್ಮ ಶಿಬಿರದ ದಪ್ತರದಲ್ಲಿ 9, 8, ಒಮ್ಮೊಮ್ಮೆ 7 ಎಂಬ ಅಂಕಿಗಳನ್ನು ಬರೆದು ಬರೆದು ನಮಗೆ ರೂಢಿಯಾಗಿಬಿಟ್ಟಿದೆ. ಇಂತಹ ರೂಢಿ ವೈದ್ಯರಾದವರಿಗೆ ಒಳ್ಳೆಯದಲ್ಲ.

ಎರಡು ವರ್ಷಗಳ ಹಿಂದೆ ಶಿಬಿರಕ್ಕೆ ಬಂದ ಒಬ್ಬ ತಾಯಿಯ ಸಂಗತಿಯನ್ನು ಇಲ್ಲಿ ಹೇಳಬೇಕು. ವಯಸ್ಸು ಇಪ್ಪತ್ತಾರು ಇಪ್ಪತ್ತೇಳು ಇದ್ದೀತು. ಮೂವರು ಮಕ್ಕಳು, ಕೊನೆಯದಕ್ಕೆ ಇನ್ನೂ ಹಾಲು ಬಿಡಿಸಿರಲಿಲ್ಲ. ಸ್ವಂತ ಹೊಲವಿಲ್ಲದ ಕೂಲಿಯ ಮನೆ. ರಕ್ತ ಪರೀಕ್ಷಿಸಿದಾಗ 7.2. ಕಬ್ಬಿಣಾಂಶದ ಗುಳಿಗೆಗಳನ್ನು ಮೂರು ತಿಂಗಳಿಗಾಗುವಷ್ಟು ಕೊಟ್ಟೆವು, ಜಂತುಹುಳುವಿನ ಗುಳಿಗೆಯನ್ನು ನಮ್ಮೆದುರೇ ನುಂಗಿಸಿದೆವು, ಸೊಪ್ಪು ಕಾಳು ಹಣ್ಣು ತಿನ್ನಬೇಕೆಂದು ಹೇಳಿ ಕಳುಹಿಸಿದೆವು. ಮೂರು ತಿಂಗಳ ಬಳಿಕ ಆಕೆ ಮತ್ತೆ ಬಂದಾಗ ಅಂಕಿ 7ಕ್ಕೆ ಇಳಿದಿತ್ತು. ಕೈಚೀಲದಲ್ಲಿ ಅರ್ಧಕ್ಕಿಂತ ಹೆಚ್ಚು ಗುಳಿಗೆಗಳು ಹಾಗೆಯೇ ಉಳಿದಿದ್ದವು. ನಾವು ಗದರಿದೆವು. ಉಚಿತವಾಗಿ ಕೊಟ್ಟದ್ದಕ್ಕೆ ಬೆಲೆಯಿಲ್ಲವೆಂದೂ, ನಿಮ್ಮಂಥವರಿಗಾಗಿ ಶಿಬಿರ ನಡೆಸಿ ಪ್ರಯೋಜನವೇನೆಂದೂ ಅಂದೆವು. ಆಕೆ ಸೆರಗು ಬಾಯಿಗೆ ಹಿಡಿದು ಸುಮ್ಮನೆ ನಿಂತಳು.

ನಮ್ಮೊಡನಿದ್ದ ಹಿರಿಯ ದಾದಿಯೊಬ್ಬರು ಆಕೆಯನ್ನು ಬದಿಗೆ ಕರೆದು ಕೂಡ್ರಿಸಿಕೊಂಡು, "ಮುಂಜಾನಿ ಹೊಲಕ್ಕ ಹೋಗೂ ಮುಂದ ಏನ್ ತಿಂತಿ ತಂಗಿ?" ಎಂದು ಕೇಳಿದರು. "ಏನೂ ಇಲ್ರೀ ಅಕ್ಕಾರ, ಒಂದ್ ಕಪ್ ಚಾ ಕುಡ್ದು ಹೋಗ್ತೀನ್ರಿ. ಬರೇ ಹೊಟ್ಟಿಲೆ ಈ ಗುಳಿಗಿ ನುಂಗಿದ್ರ ಹೊಟ್ಟಿ ತೊಳಸಿ ವಾಂತಿ ಬಂದಂಗ ಆಗ್ತೈತ್ರಿ. ಹೊಲದಾಗ ಒಂದ್ ಕಡಿ ಕುಂತ್ರ ಗೌಡ್ರು ಬೈತಾರ್ರಿ" ಎಂದಳು. ನಾವು ಎರಡು ಭೇಟಿಗಳಲ್ಲಿ ಕೇಳದೆ ಹೋದ ಪ್ರಶ್ನೆಗೆ ಉತ್ತರ ಅರ್ಧ ನಿಮಿಷದಲ್ಲಿ ಸಿಕ್ಕಿತು. ಗದರಿದ್ದು ಯಾರನ್ನು, ಗದರಬೇಕಾದದ್ದು ಯಾರನ್ನು ಎಂಬ ಯೋಚನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಇದು ಒಬ್ಬಳ ಕಥೆಯಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಶೇಕಡಾ 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ 44.8 ಇದ್ದಿತು. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಶೇಕಡಾ 65.5. ಗುಳಿಗೆ ಹಂಚುವ ಕಾರ್ಯಕ್ರಮಗಳು ಈ ನಡುವೆ ಕಡಿಮೆಯಾದವೆ? ಇಲ್ಲ, ಹೆಚ್ಚಾದವು. ಶಾಲೆಯ ಚಿಕ್ಕ ಮಕ್ಕಳಿಗೆ ಗುಲಾಬಿ ಬಣ್ಣದ್ದು, ಹರೆಯದ ಹುಡುಗಿಯರಿಗೆ ನೀಲಿ, ಗರ್ಭಿಣಿಯರಿಗೆ ಕೆಂಪು ಎಂದು ಬಣ್ಣ ಬಣ್ಣದ ಗುಳಿಗೆಗಳು ಊರೂರಿಗೆ ತಲುಪುತ್ತಿವೆ. ಗರ್ಭಿಣಿಗೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕೊಡಬೇಕೆಂಬ ನಿಯಮವಿದೆ. ಆಶಾ ಕಾರ್ಯಕರ್ತೆಯರು ಬಿಸಿಲು ಮಳೆ ಎನ್ನದೆ ಮನೆಮನೆಗೆ ನಡೆದು ಹಂಚುತ್ತಾರೆ. ಆದರೂ ಅಂಕಿ ಏರಿದೆ. ಹಾಗಾದರೆ ರೋಗದ ಬೇರು ಗುಳಿಗೆ ಹೋಗಿ ಮುಟ್ಟದ ಜಾಗದಲ್ಲಿದೆ ಎಂದಾಯಿತು.

ಮೊದಲು ಊಟದ ತಟ್ಟೆಯನ್ನೇ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಸ್ತ್ರೀಗೆ 29 ಮಿಲಿಗ್ರಾಂ. ಅಂದರೆ ಗಂಡಸಿಗಿಂತ ಒಂದೂವರೆ ಪಟ್ಟು. ಪ್ರತಿ ತಿಂಗಳು ಆಕೆಯ ದೇಹದಿಂದ ರಕ್ತ ಹೋಗುತ್ತದೆ, ಬಸಿರು ಬಾಣಂತನಗಳಲ್ಲಿ ಇನ್ನೂ ಹೆಚ್ಚು ಖರ್ಚಾಗುತ್ತದೆ ಎಂಬುದೇ ಇದಕ್ಕೆ ಕಾರಣ. ನಮ್ಮ ಮನೆಗಳಲ್ಲಿ ಬಡಿಸುವ ಕ್ರಮವೋ ಇದಕ್ಕೆ ನೇರ ವಿರುದ್ಧ. ಮೊದಲು ಗಂಡಸರು, ಬಳಿಕ ಮಕ್ಕಳು, ಅತ್ತೆ, ಕಟ್ಟಕಡೆಗೆ ಸೊಸೆ. ಆ ಹೊತ್ತಿಗೆ ಬುಟ್ಟಿಯಲ್ಲಿ ರೊಟ್ಟಿ ಉಳಿದಿದ್ದರೂ ಪಲ್ಯ ಉಳಿದಿರುವುದಿಲ್ಲ. ಪಾತ್ರೆಯ ತಳದ ಸಾರಿಗೆ ಖಾರದಪುಡಿ ಕಲಸಿಕೊಂಡು ಉಂಡೆದ್ದರೆ ಮುಗಿಯಿತು. ಇದನ್ನು ಬಡವರ ಮನೆಯ ಮಾತೆಂದು ಓದುಗರು ತಿಳಿಯಬಾರದು. ಎರಡು ಎತ್ತಿನ ಕಮತವಿರುವ, ಹಿತ್ತಿಲಲ್ಲಿ ಎಮ್ಮೆ ಕಟ್ಟಿರುವ ಮನೆಗಳ ಸೊಸೆಯಂದಿರ ಅಂಕಿಗಳೂ ನಮ್ಮ ದಪ್ತರದಲ್ಲಿ 9, 10 ಎಂದೇ ಇವೆ. ಹಾಲು ಕುಡಿದರೆ ರಕ್ತ ಬರುತ್ತದೆಂದು ಅನೇಕರು ನಂಬಿದ್ದಾರೆ. ಹಾಲಿನಲ್ಲಿ ಕಬ್ಬಿಣಾಂಶ ತೀರ ಕಡಿಮೆ ಎಂಬುದನ್ನು ಈ ಸಂದರ್ಭದಲ್ಲಿ ತಿಳಿಸಬೇಕು.

ಇನ್ನು ತಟ್ಟೆಯಲ್ಲಿರುವುದಾದರೂ ಏನು? ನಮ್ಮ ಬಯಲುಸೀಮೆಯ ಹಿರಿಯರು ಎರೆಭೂಮಿಯಲ್ಲಿ ಬಿಳಿಜೋಳದ ಸಾಲಿನ ನಡುವೆ ಕಡಲೆ, ಕುಸುಬಿ, ಅಗಸಿ ಎಂದು ಅಕ್ಕಡಿ ಹಾಕುತ್ತಿದ್ದರು. ಮನೆಗೆ ಬೇಕಾದ ಕಾಳು, ಎಣ್ಣೆ, ಹಿಂಡಿ ಎಲ್ಲವೂ ಆ ಒಂದೇ ಹೊಲದಿಂದ ಬರುತ್ತಿದ್ದವು. ಕಳೆ ತೆಗೆಯಲು ಹೋದ ಹೆಂಗಸರು ಸೆರಗಿನಲ್ಲಿ ಹತ್ತರಕಿ, ಕಿರಕಸಾಲಿ, ರಾಜಗಿರಿಯ ಸೊಪ್ಪು ಕಟ್ಟಿಕೊಂಡು ಮರಳುತ್ತಿದ್ದರು. ಅದಕ್ಕೆ ಹಣ ಕೊಡಬೇಕಾಗಿರಲಿಲ್ಲ, ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಈಗ ಮೈಲುಗಟ್ಟಲೆ ಹತ್ತಿಯೊಂದೇ, ಮೆಣಸಿನಕಾಯಿಯೊಂದೇ, ಕಾಲುವೆಯ ಕೆಳಗಾದರೆ ಭತ್ತವೊಂದೇ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಸೊಪ್ಪು ಹುಟ್ಟುವುದಿಲ್ಲ, ಹುಟ್ಟಿದರೂ ತಿನ್ನಲು ಬಾರದು. ಕೂಲಿಯವರ ಮನೆಯ ಒಲೆಯ ಮೇಲೆ ಪಡಿತರದ ಅಕ್ಕಿ ಬೇಯುತ್ತದೆ. ಪಡಿತರವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಹಸಿವಿನಿಂದ ಯಾರೂ ಮಲಗದಂತೆ ಮಾಡಿದ ದೊಡ್ಡ ಕೆಲಸ ಅದು. ಆದರೆ 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಹೊಟ್ಟೆ ತುಂಬಿತು, ರಕ್ತ ತುಂಬಲಿಲ್ಲ. ಬಾಣಂತಿಗೆ ಅಳವಿಯ ಪಾಯಸ ಮಾಡಿಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿರುವುದು ಸಮಾಧಾನದ ವಿಷಯ. ಆದರೆ ಬಾಣಂತನ ಹದಿನೈದು ದಿನಕ್ಕೇ ಮುಗಿದು ಕೂಲಿಗೆ ಹೊರಡುವವಳಿಗೆ ಎಷ್ಟು ದಿನದ ಪಾಯಸ?

ಆಹಾರದ ಮಾತು ಬಂದುದರಿಂದ ಒಂದು ಸೂಕ್ಷ್ಮ ವಿಷಯವನ್ನೂ ಪ್ರಸ್ತಾಪಿಸಬೇಕಾಗಿದೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆಯನ್ನೂ, ಬೇಡವೆಂದವರಿಗೆ ಬಾಳೆಹಣ್ಣನ್ನೂ ಕೊಡತೊಡಗಿದಾಗ ಎದ್ದ ಚರ್ಚೆ ಓದುಗರಿಗೆ ನೆನಪಿರಬಹುದು. ಮಠಗಳಿಂದಲೂ ವಿರೋಧದ ದನಿ ಕೇಳಿಬಂದಿತು. ಆ ವಾದದ ತೀರ್ಪನ್ನು ಇಲ್ಲಿ ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ವೈದ್ಯರಾಗಿ ಒಂದು ಮಾತನ್ನು ಹೇಳಲೇಬೇಕು. ಕಾಳು ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ಮಾಂಸದಲ್ಲಿರುವುದರಷ್ಟು ಸುಲಭವಾಗಿ ದೇಹ ಹೀರಿಕೊಳ್ಳುವುದಿಲ್ಲ. ಆದುದರಿಂದ ಸಸ್ಯಾಹಾರವನ್ನು ಎತ್ತಿಹಿಡಿಯುವ ನಮ್ಮಂಥವರ ಮೇಲೆ ಹೊಣೆ ಹೆಚ್ಚು. ಬಡವನ ತಟ್ಟೆಗೆ ದಿನವೂ ಬೇಳೆ, ಮೊಳಕೆ ಬಂದ ಕಾಳು, ಸೊಪ್ಪು, ಮೇಲೊಂದಿಷ್ಟು ನಿಂಬೆರಸ ಬೀಳುವಂತೆ ನೋಡಿಕೊಳ್ಳದೆ, ಅವನು ತಿನ್ನುವುದೊಂದನ್ನು ಬೇಡವೆನ್ನುವುದಷ್ಟೇ ನಮ್ಮ ಪಾಲಿನ ಧರ್ಮವಾದರೆ ಆ ಮಾತಿಗೆ ತೂಕ ಬರುವುದಿಲ್ಲ. ಮೊಟ್ಟೆಯೋ ಹಣ್ಣೋ ಎಂದು ಅಷ್ಟು ಗದ್ದಲವೆದ್ದ ಆ ದಿನಗಳಲ್ಲಿ, ಈ ಮಗುವಿನ ತಾಯಿ ಇಂದು ಏನು ಉಂಡಳೆಂದು ಯಾರೂ ಕೇಳಿದಂತೆ ಕಾಣಲಿಲ್ಲ.

ತಾಯಿಯಂದಿರ ಊಟಕ್ಕೆಂದೇ ಸರಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆಯನ್ನು ರಾಜ್ಯದಾದ್ಯಂತ ಆರಂಭಿಸಿತ್ತು. ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು ತಿಂಗಳಿಗೆ 25 ದಿನ ಬಿಸಿಯೂಟ ಮಾಡಬೇಕು. ಮನೆಗೆ ಧಾನ್ಯ ಕೊಟ್ಟರೆ ಅದು ಎಲ್ಲರ ಹೊಟ್ಟೆಗೆ ಹಂಚಿಹೋಗುತ್ತದೆ, ತಾಯಿಗೆ ಸಿಗುವುದಿಲ್ಲವೆಂಬ ಅರಿವಿನಿಂದ ಹುಟ್ಟಿದ ಯೋಜನೆಯದು. ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಆಕೆ ಎರಡು ಮೈಲಿ ದೂರದ ಹೊಲದಲ್ಲಿರುತ್ತಾಳೆ. ಊಟಕ್ಕೆ ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ತಾಂಡಾದಿಂದ, ಹೊಲದ ಮನೆಗಳಿಂದ ತುಂಬಿದ ಬಸುರಿ ನಡೆದು ಬರುವುದೂ ಆಗದು. ಕೆಲವು ಮನೆಗಳಲ್ಲಿ ಹಿರಿಯರು, ಅಲ್ಲಿ ಯಾರ್ಯಾರ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕೋ ಎಂದು ಸೊಸೆಯನ್ನು ತಡೆದುದೂ ಉಂಟು. ಎಂಟು ಶತಮಾನಗಳ ಹಿಂದೆಯೇ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂಡ್ರಿಸಿದ ಶರಣರ ಹೆಸರು ಹೇಳುವ ಮನೆಗಳಲ್ಲಿ ಈ ಮಾತು ಕೇಳಿ ನಮಗೆ ನಾಚಿಕೆಯಾಯಿತು.

ಕೂಲಿಯ ವಿಷಯಕ್ಕೆ ಬರೋಣ. ಇದು ಆರೋಗ್ಯದ ಅಂಕಣಕ್ಕೆ ಸೇರಿದ ಮಾತಲ್ಲವೆಂದು ಕೆಲವರು ಅನ್ನಬಹುದು; ನಮ್ಮ ಮಟ್ಟಿಗೆ ಆರೋಗ್ಯದ ಅಂಕಣದ ಮೊದಲ ಮಾತೇ ಇದು. ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಕೊಡಬೇಕೆಂಬ ಕಾಯ್ದೆ 1976ರಲ್ಲಿಯೇ ಬಂದಿದೆ. ಉದ್ಯೋಗ ಖಾತರಿ ಯೋಜನೆಯ ಕೆಲಸದಲ್ಲಿ 2024–25ರಲ್ಲಿ ಕರ್ನಾಟಕದ ದಿನಗೂಲಿ 349 ರೂಪಾಯಿ ಇದ್ದಿತು, ಇಬ್ಬರಿಗೂ ಒಂದೇ. ನಮ್ಮ ಖಾಸಗಿ ಹೊಲಗಳಲ್ಲಿ ಹಾಗಿಲ್ಲ. ಬಗ್ಗಿ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಕೀಳುವುದು, ನಾಟಿ ಹಚ್ಚುವುದು ಇವೆಲ್ಲ ಹೆಣ್ಣಾಳಿನ ಕೆಲಸಗಳೆಂದು ಹೆಸರಿಟ್ಟು ಗಂಡಾಳಿಗಿಂತ ಬಹಳ ಕಡಿಮೆ ಕೊಡುತ್ತೇವೆ. "ಕೊಡುತ್ತೇವೆ" ಎಂದು ಬೇಕೆಂದೇ ಬರೆದಿದ್ದೇವೆ. ಈ ಪತ್ರಿಕೆಯನ್ನು ಓದುವ ಸದ್ಭಕ್ತರಲ್ಲಿ ಆಳು ಕರೆಯುವವರು ಬಹಳ ಜನರಿದ್ದಾರೆ. ಈ ಸಾಲುಗಳನ್ನು ಬರೆಯುತ್ತಿರುವ ನಮ್ಮ ಮನೆಯ ಹೊಲಗಳಲ್ಲಿಯೂ ಮೊನ್ನೆ ಮೊನ್ನೆಯವರೆಗೆ ಇದೇ ಲೆಕ್ಕ ನಡೆದಿತ್ತು. ಕಡಿಮೆ ಕೂಲಿ ಪಡೆದವಳು ಸಂತೆಯಲ್ಲಿ ಬೇಳೆ ಕೊಳ್ಳುವಾಗ ಅರ್ಧ ಕಿಲೋ ಸಾಕೆನ್ನುತ್ತಾಳೆ. ಹೊಟ್ಟೆಯೊಳಗಿನ ಕಬ್ಬಿಣಾಂಶದ ಲೆಕ್ಕ ಅಲ್ಲಿಂದ ಆರಂಭವಾಗುತ್ತದೆ.

ಬರಿಗಾಲಲ್ಲಿ ಹಸಿ ಮಣ್ಣಿನಲ್ಲಿ ನಿಂತು ದುಡಿಯುವವರ ಕಾಲಿನ ಚರ್ಮದ ಮೂಲಕವೇ ಕೊಕ್ಕೆಹುಳುವಿನ ಮರಿಗಳು ಒಳಹೊಕ್ಕು ಕರುಳನ್ನು ಸೇರಿ ರಕ್ತ ಹೀರುತ್ತವೆ. ಹೊಲದ ಬದುವಿನಲ್ಲಿ ಶೌಚಕ್ಕೆ ಹೋಗುವ ರೂಢಿ ಇರುವ ತನಕ ಈ ಹುಳುವಿಗೆ ಸಾವಿಲ್ಲ. ದಿನವಿಡೀ ದುಡಿಯುವ ಜಾಗದಲ್ಲಿ ಮರೆ ಎಂಬುದಿಲ್ಲದ್ದರಿಂದ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರದ ಸೋಂಕು ಅಂಟಿಕೊಳ್ಳುತ್ತದೆ. ಕುಡಿಯುವ ನೀರಿನದು ಇನ್ನೊಂದು ಕಥೆ. ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದೆ. ಮಕ್ಕಳ ಹಲ್ಲು ಕಂದುತ್ತದೆ, ಹಿರಿಯರ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಶುದ್ಧ ನೀರಿನ ಘಟಕಗಳು ಬಂದವು, ಹಲವು ಕೆಟ್ಟು ನಿಂತವು. ನಾಣ್ಯ ಹಾಕಿ ಕ್ಯಾನು ತುಂಬಿಕೊಳ್ಳಬಲ್ಲವರು ಒಳ್ಳೆಯ ನೀರು ಕುಡಿಯುತ್ತಾರೆ, ಉಳಿದವರು ಕೈಪಂಪಿನದು. ಒಂದೇ ಊರಿನಲ್ಲಿ ಎರಡು ಬಗೆಯ ಕೀಲುನೋವು!

ಆಸ್ಪತ್ರೆ ದೂರವಿದ್ದಷ್ಟೂ ರೋಗ ಬಲಿಯುತ್ತದೆ. ಬಯಲು ಪ್ರದೇಶದಲ್ಲಿ 30,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ನಿಯಮ. ಕಟ್ಟಡ ಇರುವಲ್ಲಿ ವೈದ್ಯರಿಲ್ಲ, ವೈದ್ಯರಿರುವಲ್ಲಿ ರಕ್ತ ಪರೀಕ್ಷಿಸುವವರಿಲ್ಲ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗಕ್ಕೇ ಸೇರಿದ್ದವು. ಸಂವಿಧಾನದ 371ಜೆ ವಿಧಿಯೂ ಬಂದಿತು. ಹುದ್ದೆಗಳು ಹೆಚ್ಚಿವೆ, ಕಟ್ಟಡಗಳು ಎದ್ದಿವೆ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ ಭರಿಸುತ್ತದೆ. ಆದರೆ ರಕ್ತಹೀನತೆಯಂಥ ನಿಧಾನದ ಕಾಯಿಲೆ ಒಳರೋಗಿಯಾಗಿ ಮಲಗಿಸುವ ಹಂತಕ್ಕೆ ಬರುವುದೇ ಕೊನೆಯಲ್ಲಿ. ಅಲ್ಲಿಯವರೆಗಿನ ಔಷಧ, ಜೊತೆಗೆ ಬಂದವರ ಊಟ, ಕಳೆದುಕೊಂಡ ಕೂಲಿ ಯಾವ ಕಾರ್ಡಿನಲ್ಲಿಯೂ ಬರುವುದಿಲ್ಲ. 2023ರ ಜೂನ್ ತಿಂಗಳಿನಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ನಮ್ಮ ಶಿಬಿರಕ್ಕೆ ಗಂಡನಿಲ್ಲದೆ, ಮಗನಿಲ್ಲದೆ ಒಂಟಿಯಾಗಿ ಬರುವ ತಾಯಂದಿರು ಕಾಣತೊಡಗಿದ್ದಾರೆ. ಆ ಯೋಜನೆಯ ರಾಜಕೀಯ ಏನೇ ಇರಲಿ, ಬಸ್ಸಿನ ಚಾರ್ಜಿಗೆ ಯಾರ ಮುಂದೆಯೂ ಕೈಯೊಡ್ಡದೆ ಹೊರಡುವ ಸ್ವಾತಂತ್ರ್ಯವೂ ಒಂದು ಔಷಧವೆಂದು ನಮಗೆ ಆಗ ಹೊಳೆಯಿತು.

ಸರಕಾರಿ ಆಸ್ಪತ್ರೆ ದೂರವಾದಾಗ ಹತ್ತಿರದ ಖಾಸಗಿ ದವಾಖಾನೆಗೆ ಓಡುವುದು ಸಹಜ. ಕೆಲವು ವರ್ಷಗಳ ಹಿಂದೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬೆಳಕಿಗೆ ಬಂದ ಸಂಗತಿಯನ್ನು ನಾವು ಮರೆಯಬಾರದು. ಬಿಳಿಸೆರಗು, ಹೊಟ್ಟೆನೋವು ಎಂದು ಹೋದ ಎಷ್ಟೋ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನೇ ಅಗತ್ಯವಿಲ್ಲದೆ ತೆಗೆದುಹಾಕಿದ ದೂರುಗಳು ಎದ್ದವು, ತನಿಖೆಗಳಾದವು, ಆ ತಾಯಂದಿರು ಬೀದಿಗಿಳಿದು ಹೋರಾಡಿದರು. ಗುಳಿಗೆಯಿಂದ ಹೋಗಬಹುದಾದ ಸೋಂಕಿಗೆ ಅಂಗವನ್ನೇ ತೆಗೆಸಿಕೊಂಡವರಲ್ಲಿ ಮೂವತ್ತೈದು ದಾಟದವರೂ ಇದ್ದರು. ತಿಂಗಳ ರಜೆ ಕೇಳಿದರೆ ಕೂಲಿ ಹೋಗುತ್ತದೆ, ಪದೇ ಪದೇ ಔಷಧಕ್ಕೆ ಹಣವಿಲ್ಲ, "ಒಮ್ಮೆ ತೆಗಿಸಿಬಿಟ್ರ ಕಾಟಾ ತಪ್ಪತದ" ಎಂಬ ಮಾತಿಗೆ ಅವರು ಒಪ್ಪಿದರು. ಅದಕ್ಕೆ ಮಾಡಿದ ಸಾಲ ತೀರಿಸಲು ಮತ್ತೆ ಗುಳೆ. ಇಲ್ಲಿ ವೈದ್ಯವೃತ್ತಿಯವರಾದ ನಮ್ಮವರ ಲೋಭವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಲೋಭಕ್ಕೆ ದಾರಿ ಮಾಡಿಕೊಟ್ಟದ್ದು ಬಡತನ.

ಬಡತನಕ್ಕೂ ರೋಗಕ್ಕೂ ಇರುವ ಈ ಗಂಟನ್ನು ಕಂಡವರಲ್ಲಿ ನಾವೇ ಮೊದಲಿಗರಲ್ಲ. 1848ರಲ್ಲಿ ಪ್ರಷ್ಯದ ಸರಕಾರ ರುಡಾಲ್ಫ್ ವಿರ್ಚೋ ಎಂಬ ತರುಣ ವೈದ್ಯನನ್ನು ಸೈಲೀಸಿಯಾ ಪ್ರಾಂತದ ಟೈಫಸ್ ಪಿಡುಗನ್ನು ಪರಿಶೀಲಿಸಲು ಕಳುಹಿಸಿತು. ಆತ ಮರಳಿ ಬಂದು ಔಷಧಗಳ ಪಟ್ಟಿಯನ್ನು ಕೊಡದೆ, ಅಲ್ಲಿಯ ಜನರಿಗೆ ಶಿಕ್ಷಣ, ರಸ್ತೆ, ತಮ್ಮ ಆಡಳಿತವನ್ನು ತಾವೇ ನಡೆಸುವ ಹಕ್ಕು ಬೇಕೆಂದು ವರದಿ ಬರೆದ. ಸರಕಾರಕ್ಕೆ ಅದು ರುಚಿಸಲಿಲ್ಲವೆನ್ನಿ. ನಮ್ಮ ನಾಡಿನಲ್ಲಿಯೇ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಹೋದದ್ದು ರೋಗಿಗಳನ್ನು ನೋಡಲು. ಆದರೆ ಕೆಲಸ ಅಲ್ಲಿಗೇ ನಿಲ್ಲದೆ ಶಾಲೆ, ಕಸುಬಿನ ತರಬೇತಿ, ಕಾಡಿನ ಮೇಲಿನ ಹಕ್ಕು ಇಷ್ಟಕ್ಕೂ ಹಬ್ಬಿತು. ಮುಂದೆ ಅವರದೇ ಅಧ್ಯಕ್ಷತೆಯ ಕಾರ್ಯಪಡೆ ರಾಜ್ಯದ ಆರೋಗ್ಯ ವ್ಯವಸ್ಥೆಯನ್ನು ಕುರಿತು 2001ರಲ್ಲಿ ವರದಿ ಕೊಟ್ಟಿತು. ಓದಿದವರು ಎಷ್ಟು ಜನರೋ.

ಗಂಡಸರ ಕುಡಿತವನ್ನು ಬಿಟ್ಟು ಬಡತನವನ್ನಷ್ಟೇ ಹೇಳುತ್ತೀರೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪಣೆ ನ್ಯಾಯವಾದುದೇ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ಮದ್ಯ ನಿಷೇಧಿಸಿರೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಹೋದದ್ದು ಸುಮ್ಮನಲ್ಲ. ಕಿರಾಣಿ ಅಂಗಡಿಯಲ್ಲಿಯೂ ಸಾರಾಯಿ ಪೊಟ್ಟಣ ಸಿಗುವಂತೆ ಮಾಡಿದವರು ಕುಡಿಯುವವರಲ್ಲ. ದಿನದ ಕೂಲಿ ಅಂಗಡಿಗೆ ಹೋದರೆ ಮನೆಯ ಬೇಳೆ ಹೋಯಿತು. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮದುವೆ. ರಾಜ್ಯದಲ್ಲಿ 20ರಿಂದ 24 ವರ್ಷದ ಸ್ತ್ರೀಯರಲ್ಲಿ ಶೇಕಡಾ 21.3ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರೆಂದು ಮೇಲೆ ಹೇಳಿದ ಸಮೀಕ್ಷೆಯೇ ತಿಳಿಸುತ್ತದೆ. ಬೆಳೆಯುವ ಮೈಗೆ ಬೇಕಾದ ರಕ್ತವೇ ಇಲ್ಲದವಳಿಗೆ ಇನ್ನೊಂದು ಜೀವವನ್ನು ಬೆಳೆಸುವ ಭಾರ. ಆ ಮಗು ಕಡಿಮೆ ತೂಕದಲ್ಲಿ ಹುಟ್ಟುತ್ತದೆ, ಹುಟ್ಟುವಾಗಲೇ ರಕ್ತದ ಸಾಲ ಹೊತ್ತುಕೊಂಡು ಬರುತ್ತದೆ. ಗುಳೆ ಹೋಗುವಾಗ ಬೆಳೆದ ಮಗಳನ್ನು ಊರಲ್ಲಿ ಒಬ್ಬಳನ್ನೇ ಬಿಡುವುದು ಹೇಗೆಂಬ ಅಂಜಿಕೆಯಿಂದ ಮದುವೆ ಮಾಡಿದ ತಂದೆಯನ್ನು ನಾವು ಬಲ್ಲೆವು. ಅವನನ್ನು ಬೈದು ಪ್ರಯೋಜನವಿಲ್ಲ. ಆ ಮಗಳಿಗೆ ಪ್ರಸಾದ ನಿಲಯದಲ್ಲಿ ಒಂದು ಜಾಗ ಸಿಕ್ಕಿದ್ದರೆ ಅವನು ಹಾಗೆ ಮಾಡುತ್ತಿರಲಿಲ್ಲ. ಗಂಡುಮಕ್ಕಳ ಪ್ರಸಾದ ನಿಲಯಗಳಿಗೆ ಹೆಸರಾದ ನಮ್ಮ ಮಠಗಳು ಹೆಣ್ಣುಮಕ್ಕಳಿಗೆ ಎಷ್ಟು ಕೊಠಡಿ ಕಟ್ಟಿವೆ ಎಂದು ವಿನಯಪೂರ್ವಕವಾಗಿ ಕೇಳಬಯಸುತ್ತೇವೆ. ಸಾಮೂಹಿಕ ವಿವಾಹಗಳಲ್ಲಿ ವಧುವಿನ ಶಾಲಾ ದಾಖಲೆ ನೋಡದೆ ಹೆಸರು ಬರೆದುಕೊಳ್ಳಬಾರದೆಂಬುದನ್ನು ಪರಮಪೂಜ್ಯರಲ್ಲಿ ಈಗಾಗಲೇ ಅರಿಕೆ ಮಾಡಿಕೊಂಡಿದ್ದೇವೆ.

ಭಕ್ತಾದಿಗಳಲ್ಲಿ ನಮ್ಮ ಬೇಡಿಕೆಗಳು ದೊಡ್ಡವಲ್ಲ. ಹೊಲಕ್ಕೆ ಬಂದ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಕೊಡಿ. ಬೆಳಗಿನ ಹತ್ತು ಗಂಟೆಗೆ ಅರ್ಧ ತಾಸು ಕೂಡ್ರಲು ಬಿಡಿ, ಆ ಹೊತ್ತಿಗೆ ರೊಟ್ಟಿ, ಶೇಂಗಾ ಹಿಂಡಿ, ಮಡಕಿಕಾಳಿನ ಪಲ್ಯ ಕೊಡುವುದು ಸಾಧ್ಯವಾದರೆ ಕೊಡಿ. ಉಂಡ ಸ್ವಲ್ಪ ಹೊತ್ತಿಗೆ ಆಕೆ ಗುಳಿಗೆ ನುಂಗಬಹುದು, ವಾಕರಿಕೆ ಬರುವುದಿಲ್ಲ. ಗುಳಿಗೆಯ ಹಿಂದು ಮುಂದು ಒಂದು ತಾಸು ಚಹಾ ಕುಡಿಯಬಾರದು, ಸುಣ್ಣದಂಶದ ಗುಳಿಗೆಯನ್ನು ಅದರೊಡನೆ ನುಂಗಬಾರದು, ಮಲ ಕಪ್ಪಾದರೆ ಹೆದರಬೇಕಾಗಿಲ್ಲ ಎಂಬುದನ್ನು ಹೇಳಿಕೊಡಿ. ಹೊಲದ ಬದುವಿನಲ್ಲಿ ನಾಲ್ಕು ಸಾಲು ರಾಜಗಿರಿ, ಪುಂಡಿಸೊಪ್ಪು, ಎರಡು ನುಗ್ಗೆಗಿಡ ಇರಲಿ, ಕಿತ್ತುಕೊಂಡವರನ್ನು ಕೇಳಬೇಡಿ. ನಿಮ್ಮ ಮನೆಯ ಸೊಸೆ ನಿಮ್ಮೊಡನೆ ಕುಳಿತು ಉಣ್ಣಲಿ. ಶಿಬಿರಕ್ಕೆ ದೇಣಿಗೆ ಕೊಡುವುದಕ್ಕಿಂತ ಇದು ಕಠಿಣವೆಂದು ನಮಗೆ ಗೊತ್ತು.

ನಮ್ಮ ಕಡೆಯಿಂದಲೂ ಬದಲಾವಣೆಯಾಗಿದೆ. ಶಿಬಿರವನ್ನು ಈಗ ಮುಂಜಾನೆಯ ಬದಲು ಸಂಜೆ ಐದರ ನಂತರ ನಡೆಸುತ್ತೇವೆ, ಯಾರ ಕೂಲಿಯೂ ಮುರಿಯುವುದಿಲ್ಲ. ತಪಾಸಣೆಗೆ ಮೊದಲು ಪ್ರಸಾದ. ಬೇಳೆ, ಸೊಪ್ಪು, ನಿಂಬೆಹೋಳು ಕಡ್ಡಾಯ. ದಪ್ತರದಲ್ಲಿ ಹಿಮೋಗ್ಲೋಬಿನ್ನಿನ ಅಂಕಣದ ಪಕ್ಕದಲ್ಲಿ "ಇಂದು ಏನು ಉಂಡಿರಿ" ಎಂಬ ಇನ್ನೊಂದು ಅಂಕಣ ಬಂದಿದೆ. ಜಾತ್ರೆಯ ದಾಸೋಹಕ್ಕೆ ಊರೂರುಗಳಿಂದ ಬಂಡಿಗಟ್ಟಲೆ ರೊಟ್ಟಿ ಬರುವುದನ್ನು ನಾವೆಲ್ಲ ಹೆಮ್ಮೆಯಿಂದ ನೋಡುತ್ತೇವೆ. ಕಳೆದ ಬಾರಿ ಆ ಬಂಡಿಯೊಂದರ ಹಿಂದೆ ನಡೆದು ಬಂದವರಲ್ಲಿ ನಾವು ಗದರಿದ್ದ ಆ ತಾಯಿಯೂ ಇದ್ದಳು. ಓಣಿಯ ಹೆಂಗಸರೊಡನೆ ಎರಡು ರಾತ್ರಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದು ತಂದಿದ್ದಳು. ಅಲ್ಲಿಯೇ ಆಕೆಯ ರಕ್ತ ನೋಡಿದೆವು. 9.4. ಆಕೆಗೆ ಕೆಲಸ ಕೊಡುವ ಹೊಲದವರು ಈ ಭಾಗದ ಭಕ್ತರೇ. ಹತ್ತು ಗಂಟೆಯ ರೊಟ್ಟಿಯ ಮಾತನ್ನು ಅವರು ನಡೆಸಿಕೊಟ್ಟಿದ್ದರು, ಕೂಲಿಯ ಮಾತನ್ನು ಇನ್ನೂ ನಡೆಸಿಕೊಟ್ಟಿಲ್ಲ.

ಈ ವರ್ಷ ಮಳೆ ಕೈಕೊಟ್ಟಿದೆ. ದೀಪಾವಳಿ ಕಳೆದ ಮೇಲೆ ಗಂಡಹೆಂಡಿರು ಕಬ್ಬು ಕಡಿಯಲು ಹೊರಡುವವರಿದ್ದಾರೆ. ಮೇಸ್ತ್ರಿಯಿಂದ ಮುಂಗಡ ಪಡೆದಾಗಿದೆ. ಹಿರಿಯ ಮಕ್ಕಳಿಬ್ಬರು ಅಜ್ಜಿಯ ಹತ್ತಿರ, ಚಿಕ್ಕದು ಜೊತೆಗೆ. ಹೋಗುವ ಮುನ್ನ ಶಿಬಿರಕ್ಕೆ ಬಂದು ನಾಲ್ಕು ತಿಂಗಳ ಗುಳಿಗೆ ಕೇಳಿ ಪಡೆದುಕೊಂಡಳು. "ಅಲ್ಲಿ ಗದ್ದಿ ಒಳಗ ಹತ್ತು ಗಂಟಿಗೆ ಉಣ್ಣಾಕ ಬಿಡ್ತಾರೇನ್ರಿ ಡಾಕ್ಟ್ರ?" ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ.